ಫ್ಲೋರೊಸೆಂಟ್ ಪ್ರೋಬ್‌ನಿಂದ ಡಿಎನ್‌ಎ ಹುಡುಕುವುದು ಹೇಗೆ: ಲ್ಯಾಬ್‌ಗೆ ಹೊಸದಾಗಿ ಬಂದವರಿಗೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. ಇಂಡಿ ಕಡೆಯ ಹುಡುಗಿ. ವಿಜಯಪುರದಲ್ಲಿ ಬಿಎಸ್ಸಿ ಮುಗಿಸಿ ಪುಣೆಯ ಒಂದು ಲ್ಯಾಬ್‌ಗೆ ಸೇರಿ ಎರಡು ತಿಂಗಳಾಗಿತ್ತು. ಅವತ್ತು ಡ್ಯೂಟಿಯಲ್ಲಿ ಒಬ್ಬಳೇ ಇದ್ದಳು.

"ಅಕ್ಕಾರ, ಒಂದು ಸ್ಯಾಂಪಲ್‌ದಾಗ ಗೆರಿ ಮ್ಯಾಲೆ ಹೋಗೇದರಿ. ಸಿಟಿ 38 ದಾಟೇದ. ಟಿಬಿ ಪಾಸಿಟಿವ್ ಅಂತ ಬರೀಲೇನ್ರಿ?"

"ಎನ್‌ಟಿಸಿ ಹೆಂಗದ ನೋಡಿದೇನವಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ರೀ ಅಕ್ಕಾರ. ಸ್ಯಾಂಪಲ್ ಅಷ್ಟೇ ನೋಡಿದೆ."

ಪಿಸಿಆರ್ ಮಿಷಿನ್ ಸುತ್ತು ಸುತ್ತಾಗಿ ಡಿಎನ್‌ಎಯನ್ನು ಪ್ರತಿ ಮಾಡುತ್ತಾ ಬೆಳಕು ಅಳೆಯುತ್ತದೆ. ಬೆಳಕಿನ ಗೆರೆ ಗಡಿ ದಾಟಿದ ಸುತ್ತಿನ ಸಂಖ್ಯೆಯೇ ಸಿಟಿ. ವೆಲ್ ಅಂದರೆ ಪ್ಲೇಟ್‌ನ ಒಂದು ಚಿಕ್ಕ ಗುಂಡಿ. ಎನ್‌ಟಿಸಿ ಅಂದರೆ ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ವೆಲ್. ಅದು ಕೊನೆಯವರೆಗೂ ಕತ್ತಲಾಗಿಯೇ ಇರಬೇಕು. ಹೊಸಬರ ಕಣ್ಣು ಮೊದಲು ಬೆಳಕಿನ ಕಡೆ ಹೋಗುತ್ತದೆ. ನಾನು ಹೇಳಿಕೊಡುವಾಗ ಕತ್ತಲನ್ನು ಮೊದಲು ನೋಡಿ ಅನ್ನುತ್ತೇನೆ. ಕತ್ತಲಿರಬೇಕಾದ ಕಡೆ ಕತ್ತಲಿದ್ದರೆ ಮಾತ್ರ ಪಕ್ಕದ ವೆಲ್‌ನ ಬೆಳಕನ್ನು ನಂಬಬಹುದು. ಆ ಬೆಳಕಿನ ಮೇಲೆ ಯಾರೋ ಒಬ್ಬರ ಆರು ತಿಂಗಳ ಮಾತ್ರೆ ನಿಂತಿರುತ್ತದೆ.

ಪುಣೆ, ಪಿಂಪ್ರಿ-ಚಿಂಚವಡದ ಲ್ಯಾಬ್‌ಗಳಲ್ಲಿ ನಮ್ಮ ಕಡೆಯ ಮಕ್ಕಳು ಸಿಗುತ್ತಲೇ ಇರುತ್ತಾರೆ. ವಿಜಯಪುರ, ಬೆಳಗಾವಿ, ಕಲಬುರಗಿ, ಸೊಲ್ಲಾಪುರದ ಕನ್ನಡದವರು. ಕಿಟ್ ಜೊತೆ ಬರುವ ಪುಸ್ತಕ ಇಂಗ್ಲಿಷ್. ಹೇಳಿಕೊಡುವವರ ಮಾತು ಮರಾಠಿ, ಇಲ್ಲವೇ ಹಿಂದಿ. ತಲೆಯಲ್ಲಿ ಏಳುವ ಪ್ರಶ್ನೆ ಮಾತ್ರ ಕನ್ನಡದಲ್ಲಿ. ಕೇಳಲು ಸಂಕೋಚ, ಹಾಗಾಗಿ ಸುಮ್ನೆ ಹೇಳಿದಷ್ಟು ಮಾಡಿ ಮುಗಿಸುತ್ತಾರೆ. ಯಾವ ಹೆಜ್ಜೆ ಯಾಕೆ ಅಂತ ಗೊತ್ತಿದ್ದರೆ ಭಾನುವಾರ ಒಬ್ಬರೇ ಇದ್ದಾಗಲೂ ಕೈ ನಡುಗುವುದಿಲ್ಲ. ಅದಕ್ಕೆ ಈ ಬರಹ.

ಪ್ರೋಬ್ ಬೆಳಗುವುದು ಹೇಗೆ

ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ 4 ಅಕ್ಷರಗಳ ಉದ್ದನೆಯ ಸಾಲು. ಎ ಎದುರಿಗೆ ಯಾವಾಗಲೂ ಟಿ, ಜಿ ಎದುರಿಗೆ ಸಿ. ಒಂದು ಎಳೆ ಗೊತ್ತಿದ್ದರೆ ಅದಕ್ಕೆ ಜೋಡಿಯಾಗುವ ಎಳೆಯನ್ನು ಕೂತಲ್ಲೇ ಬರೆಯಬಹುದು. ಪ್ರೋಬ್ ಅನ್ನುವುದು ಹಾಗೆ ಬರೆದು ಮಾಡಿಸಿದ ಒಂದು ಚಿಕ್ಕ ಎಳೆ. ಸಾಮಾನ್ಯವಾಗಿ 20ರಿಂದ 30 ಅಕ್ಷರ.

ಅಷ್ಟು ಚಿಕ್ಕದು ಸಾಕಾ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 4 ಅಕ್ಷರಗಳಿಂದ 20 ಅಕ್ಷರದ ಸಾಲುಗಳನ್ನು ಸುಮಾರು 1 ಲಕ್ಷ ಕೋಟಿ ಬಗೆಯಲ್ಲಿ ಬರೆಯಬಹುದು. ಮನುಷ್ಯನ ಒಂದು ಪೂರ್ತಿ ಜೀನೋಮ್‌ನಲ್ಲಿರುವುದು ಸುಮಾರು 300 ಕೋಟಿ ಅಕ್ಷರ. ಟಿಬಿ ಬ್ಯಾಕ್ಟೀರಿಯಾದ್ದು 44 ಲಕ್ಷ. ಚೆನ್ನಾಗಿ ಆರಿಸಿದ 20 ಅಕ್ಷರ ಎರಡು ಕಡೆ ಆಕಸ್ಮಿಕವಾಗಿ ಸಿಗುವುದು ಬಹಳ ಕಷ್ಟ.

ಪ್ರೋಬ್‌ನ ಒಂದು ತುದಿಗೆ ಹೊಳೆಯುವ ಬಣ್ಣವನ್ನು ಕೂಡಿಸಿರುತ್ತಾರೆ. ಇದು ಫ್ಲೋರೊಫೋರ್. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಬಿಡುವುದು ಇದರ ಗುಣ. ಎಲ್ಲಾ ಲ್ಯಾಬ್‌ನಲ್ಲೂ ಕಾಣುವ ಫ್ಯಾಮ್ ಸುಮಾರು 495 ನ್ಯಾನೊಮೀಟರ್‌ನ ನೀಲಿ ಬೆಳಕು ತೆಗೆದುಕೊಂಡು 520ರ ಹತ್ತಿರ ಹಸಿರು ಬಿಡುತ್ತದೆ. ಇನ್ನೊಂದು ತುದಿಯಲ್ಲಿ ಕ್ವೆಂಚರ್ ಇರುತ್ತದೆ. ಅದು ಹತ್ತಿರ ಇರುವವರೆಗೆ ಫ್ಯಾಮ್‌ನ ಶಕ್ತಿಯನ್ನು ತಾನೇ ನುಂಗುತ್ತದೆ. ದೀಪ ಹಚ್ಚಿ ಮೇಲೆ ಮಡಕೆ ಬೋರಲು ಹಾಕಿದ ಹಾಗೆ. ದೀಪ ಉರಿಯುತ್ತಿದ್ದರೂ ಹೊರಗೆ ಕಾಣುವುದಿಲ್ಲ.

ಇಲ್ಲಿ ದೂರದ ಲೆಕ್ಕ ಬಹಳ ಮುಖ್ಯ. ಜರ್ಮನಿಯ ಥಿಯೋಡೋರ್ ಫೋರ್ಸ್ಟರ್ 1940ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಎರಡು ಅಣುಗಳ ನಡುವಿನ ದೂರ ಎರಡು ಪಟ್ಟಾದರೆ ಶಕ್ತಿ ದಾಟುವ ವೇಗ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 10 ನ್ಯಾನೊಮೀಟರ್ ದಾಟಿದರೆ ಕ್ವೆಂಚರ್ ಕೈ ಹೆಚ್ಚುಕಡಿಮೆ ಎಟಕುವುದೇ ಇಲ್ಲ. ಡಿಎನ್‌ಎ ಜೋಡಿ ಎಳೆಯ 10 ಅಕ್ಷರಕ್ಕೆ 3.4 ನ್ಯಾನೊಮೀಟರ್ ಉದ್ದ. ಪ್ರೋಬ್ ಜಾಸ್ತಿ ಉದ್ದವಾದರೆ ಸುಮ್ನೆ ಇರುವಾಗಲೂ ಸ್ವಲ್ಪ ಹೊಳೆಯುತ್ತದೆ. ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನು ಮಡಕೆ ಎತ್ತುವ ಕೆಲಸ. ಎರಡು ದಾರಿ ನಿಮಗೆ ದಿನವೂ ಎದುರಾಗುತ್ತವೆ.

ಮೊದಲನೆಯದು ಟ್ಯಾಕ್‌ಮ್ಯಾನ್. ಇಲ್ಲಿ ಕತ್ತರಿಸುವ ಕೆಲಸ ಟ್ಯಾಕ್ ಪಾಲಿಮರೇಸ್‌ದು. ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವ ಅದು. ಹಾಗಾಗಿ 95 ಡಿಗ್ರಿಗೂ ಕೆಡುವುದಿಲ್ಲ. ಪ್ರೈಮರ್ ಅಂದರೆ ಪ್ರತಿ ಶುರುವಾಗುವ ಜಾಗದಲ್ಲಿ ಅಂಟುವ ಚಿಕ್ಕ ಎಳೆ. ಟ್ಯಾಕ್ ಅಲ್ಲಿಂದ ಹೊರಟು ಹೊಸ ಎಳೆ ಕಟ್ಟುತ್ತಾ ಮುಂದೆ ಬರುತ್ತದೆ. ದಾರಿಯಲ್ಲಿ ಪ್ರೋಬ್ ಕೂತಿದ್ದರೆ ಅದನ್ನು ತುಂಡು ತುಂಡು ಮಾಡಿ ಸರಿಸುತ್ತದೆ. ಜೋಳದ ಹೊಲದಲ್ಲಿ ಕೊಯ್ಯುತ್ತಾ ಮುಂದೆ ಹೋಗುವವರ ಹಾಗೆ. ಪ್ರೋಬ್ ತುಂಡಾದಾಗ ಫ್ಯಾಮ್ ಕ್ವೆಂಚರ್‌ನಿಂದ ದೂರ ತೇಲಿ ಹೋಗಿ ಬೆಳಗುತ್ತದೆ. ಟ್ಯಾಕ್‌ನ ಈ ಕತ್ತರಿಸುವ ಗುಣವನ್ನು ಡಿಎನ್‌ಎ ಪತ್ತೆಗೆ ಬಳಸಬಹುದು ಅಂತ 1991ರಲ್ಲಿ ಸೀಟಸ್ ಕಂಪನಿಯ ತಂಡ ತೋರಿಸಿತು. ಆಗ ವಿಕಿರಣದ ಗುರುತು ಹಾಕಿದ ಪ್ರೋಬ್ ಇತ್ತು. ಬೆಳಕಿನ ಬಣ್ಣ ಮತ್ತು ಕ್ವೆಂಚರ್ ಜೋಡಿ ಬಂದಿದ್ದು 1993ರಲ್ಲಿ.

ಎರಡನೆಯದು ಮಾಲಿಕ್ಯುಲರ್ ಬೀಕನ್. 1996ರಲ್ಲಿ ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರೇಮರ್ ಇದನ್ನು ಪ್ರಕಟಿಸಿದರು. ಪ್ರೋಬ್‌ನ ಎರಡು ತುದಿಗಳಲ್ಲಿ 5ರಿಂದ 7 ಅಕ್ಷರ ಒಂದಕ್ಕೊಂದು ಅಂಟುವ ಹಾಗೆ ಬರೆದಿರುತ್ತಾರೆ. ಹಾಗಾಗಿ ಅದು ಕೂದಲಿಗೆ ಹಾಕುವ ಪಿನ್ನಿನ ಆಕಾರದಲ್ಲಿ ಮಡಚಿಕೊಂಡು ಕೂರುತ್ತದೆ. ಬಣ್ಣ ಮತ್ತು ಕ್ವೆಂಚರ್ ಮೈಗೆ ಮೈ ತಾಗಿರುತ್ತವೆ. ನಡುವಿನ ಕುಣಿಕೆಗೆ ಸರಿಯಾದ ಜೋಡಿ ಸಿಕ್ಕರೆ ಪಿನ್ ಬಿಚ್ಚಿಕೊಳ್ಳುತ್ತದೆ, ಬೆಳಕು ಬರುತ್ತದೆ. ಇಲ್ಲಿ ಏನನ್ನೂ ಕತ್ತರಿಸುವುದಿಲ್ಲ. ಒಂದೇ ಒಂದು ಅಕ್ಷರ ತಪ್ಪಿದ್ದರೂ ಬಿಚ್ಚುವುದಕ್ಕಿಂತ ಮಡಚಿಕೊಂಡಿರುವುದೇ ಅದಕ್ಕೆ ಸುಲಭ. ಈ ಹಟ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಮುಂದೆ ಹೇಳುತ್ತೇನೆ.

ಸೈಬರ್ ಗ್ರೀನ್ ಕೂಡ ಇದೇ ಜಾತಿ ಅಂತ ಕೆಲವರು ತಿಳಿದಿರುತ್ತಾರೆ. ಅಲ್ಲ. ಅದು ಯಾವ ಜೋಡಿ ಎಳೆ ಕಂಡರೂ ಅಂಟಿಕೊಂಡು ಹೊಳೆಯುತ್ತದೆ, ಸಾಲು ಓದುವುದಿಲ್ಲ. ಅಗ್ಗ, ಕಲಿಯಲು ಒಳ್ಳೆಯದು. ರೋಗಿಯ ರಿಪೋರ್ಟ್ ವಿಷಯ ಬಂದರೆ ನಾನು ಪ್ರೋಬ್ ಕಡೆಗೇ.

ಯಾವ ಸಾಲು ಹುಡುಕಬೇಕು

ಮೊದಲ ಹೆಜ್ಜೆ ಕಂಪ್ಯೂಟರ್ ಮುಂದೆ. ಇಲ್ಲಿ ಎಡವಿದರೆ ಮುಂದೆ ಎಷ್ಟು ಚೆನ್ನಾಗಿ ಪಿಪೆಟ್ ಮಾಡಿದರೂ ಪ್ರಯೋಜನವಿಲ್ಲ.

ಆರಿಸುವ ಸಾಲು ಎರಡು ಪರೀಕ್ಷೆ ಪಾಸಾಗಬೇಕು. ಹುಡುಕುವ ಜೀವಿಯ ಎಲ್ಲಾ ತಳಿಗಳಲ್ಲೂ ಅದು ಇರಬೇಕು. ಬೇರೆ ಜೀವಿಯಲ್ಲಿ ಇರಬಾರದು. ಎರಡನೆಯದನ್ನು ಎಲ್ಲರೂ ನೋಡುತ್ತಾರೆ. ಮೊದಲನೆಯದನ್ನು ಮರೆಯುತ್ತಾರೆ.

ಟಿಬಿಯನ್ನೇ ತೆಗೆದುಕೊಳ್ಳಿ. ಐಎಸ್6110 ಎಂಬ ತುಣುಕು ಪ್ರೋಬ್ ಬರೆಯುವವರಿಗೆ ಬಹಳ ಇಷ್ಟ. ಒಂದೇ ಬ್ಯಾಕ್ಟೀರಿಯಾದಲ್ಲಿ ಅದರ ಹತ್ತಾರು ಪ್ರತಿ ಇರಬಹುದು. ಹಾಗಾಗಿ ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇದ್ದರೂ ಸಿಗುತ್ತದೆ. ಆದರೆ ಕೆಲವು ತಳಿಗಳಲ್ಲಿ ಅದು ಒಂದು ಪ್ರತಿಯೂ ಇಲ್ಲ. ಅಂಥ ತಳಿಗಳು ಸಿಕ್ಕಿರುವ ಜಾಗಗಳಲ್ಲಿ ನಮ್ಮ ದಕ್ಷಿಣ ಭಾರತವೂ ಇದೆ. ಬೇರೆ ದೇಶದವರ ಪೇಪರ್ ನೋಡಿ ಅದೊಂದನ್ನೇ ನಂಬಿದರೆ ನಮ್ಮೂರಿನ ರೋಗಿಯೇ ತಪ್ಪಿಹೋಗಬಹುದು. ಅದಕ್ಕೇ ಜೊತೆಗೆ ಇನ್ನೊಂದು ಜೀನ್ ಇಟ್ಟುಕೊಳ್ಳುವುದು.

ಕೋವಿಡ್ ಕಾಲದಲ್ಲೂ ಇದನ್ನು ನೋಡಿದೆವು. 2020ರ ಜನವರಿ 30ರಂದು ಕೇರಳದ ಮೊದಲ ಕೇಸ್ ಖಚಿತವಾಗಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಿಂದ. ಮಾರ್ಚ್‌ನಲ್ಲಿ ಪುಣೆಯದೇ ಮೈಲ್ಯಾಬ್‌ನ ಕಿಟ್‌ಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಬಂದ ಆಲ್ಫಾದಲ್ಲಿ, ಓಮಿಕ್ರಾನ್‌ನ ಕೆಲವು ತಳಿಗಳಲ್ಲಿ ಎಸ್ ಜೀನ್‌ನ 6 ಅಕ್ಷರ ಬಿದ್ದುಹೋಗಿತ್ತು. ಮೂರು ಜೀನ್ ನೋಡುವ ಒಂದು ಬಗೆಯ ಟೆಸ್ಟ್‌ನಲ್ಲಿ ಎಸ್ ಪ್ರೋಬ್ ಅದೇ ಜಾಗದಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಉಳಿದೆರಡು ಪ್ರೋಬ್ ಬೆಳಗಿದ್ದರಿಂದ ಪಾಸಿಟಿವ್ ತಪ್ಪಲಿಲ್ಲ. ಆ ಒಂದು ಕತ್ತಲೇ ಹೊಸ ತಳಿಯ ಸುಳಿವೂ ಆಯಿತು.

ಹಾಗಾಗಿ ಒಂದು ಸೀಕ್ವೆನ್ಸ್ ಇಳಿಸಿಕೊಂಡು ಕೆಲಸ ಶುರು ಮಾಡಬೇಡಿ. ಸಿಕ್ಕಷ್ಟು ತಳಿಗಳ ಸೀಕ್ವೆನ್ಸ್ ಒಂದರ ಕೆಳಗೊಂದು ಜೋಡಿಸಿ, ಬದಲಾಗದ ಭಾಗ ಹುಡುಕಿ. ಆಮೇಲೆ ಬ್ಲಾಸ್ಟ್ ಎಂಬ ಸೀಕ್ವೆನ್ಸ್ ಹೋಲಿಸುವ ವೆಬ್ ಸಾಧನದಲ್ಲಿ ಹಾಕಿ ಬೇರೆಲ್ಲಾದರೂ ಹೊಂದುತ್ತದಾ ನೋಡಿ. ಅದಕ್ಕೆ ದುಡ್ಡಿಲ್ಲ.

ಪ್ರೋಬ್ ಬರೆಯುವುದು

ಪ್ರೈಮರ್3ರಂಥ ಉಚಿತ ಸಾಫ್ಟ್‌ವೇರ್ ಸಲಹೆ ಕೊಡುತ್ತದೆ. ಆದರೂ ಈ ನಿಯಮಗಳನ್ನು ನೀವೇ ಕಣ್ಣಿಟ್ಟು ನೋಡಿ.

ಪ್ರತಿ ಮಾಡುವ ತುಂಡು 70ರಿಂದ 150 ಅಕ್ಷರದ ಒಳಗಿರಲಿ. ಪ್ರೈಮರ್‌ಗಳ ಕರಗುವ ತಾಪ, ಅಂದರೆ ಜೋಡಿ ಎಳೆ ಬಿಟ್ಟುಕೊಳ್ಳುವ ತಾಪ, 58ರಿಂದ 60 ಡಿಗ್ರಿ. ಪ್ರೋಬ್‌ದು ಅದಕ್ಕಿಂತ 8ರಿಂದ 10 ಡಿಗ್ರಿ ಜಾಸ್ತಿ. ಕಾರಣ ಸರಳ. ಪ್ರೈಮರ್ ಕೂತು ಟ್ಯಾಕ್ ಹೊರಡುವ ಮುಂಚೆಯೇ ಪ್ರೋಬ್ ಜಾಗ ಹಿಡಿದಿರಬೇಕು. ಟ್ಯಾಕ್ ದಾಟಿ ಹೋದ ಮೇಲೆ ಪ್ರೋಬ್ ಬಂದರೆ ಅಲ್ಲಿ ಅದಕ್ಕೆ ಜಾಗವಿಲ್ಲ. ಪ್ರತಿ ಆಗುತ್ತದೆ, ಬೆಳಕು ಬರುವುದಿಲ್ಲ.

ಪ್ರೋಬ್‌ನ 5 ಪ್ರೈಮ್ ತುದಿಯಲ್ಲಿ, ಅಂದರೆ ಬಣ್ಣ ಕೂರುವ ಕಡೆ, ಜಿ ಅಕ್ಷರ ಇರಬಾರದು. ಜಿ ತಾನೇ ಸ್ವಲ್ಪ ಕ್ವೆಂಚರ್ ಹಾಗೆ ನಡೆದುಕೊಂಡು ಫ್ಯಾಮ್ ಅನ್ನು ಮಂಕು ಮಾಡುತ್ತದೆ. ಪ್ರೋಬ್ ತುಂಡಾದ ಮೇಲೂ ಅದು ಬಣ್ಣಕ್ಕೆ ಅಂಟಿಕೊಂಡೇ ಉಳಿಯಬಹುದು. ಸಾಲಾಗಿ 4 ಜಿ ಬರುವುದೂ ಬೇಡ. ಜಿಗಿಂತ ಸಿ ಜಾಸ್ತಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎದುರಿನ ಎಳೆಯ ಮೇಲೆ ಪ್ರೋಬ್ ಬರೆಯಿರಿ, ಅಲ್ಲಿ ಜಿ ಇದ್ದ ಕಡೆಯೆಲ್ಲ ಸಿ ಬರುತ್ತದೆ.

ಒಂದೇ ವೆಲ್‌ನಲ್ಲಿ ಎರಡು ಮೂರು ಸಾಲು ಹುಡುಕುವುದಾದರೆ ಬಣ್ಣ ದೂರ ದೂರ ಆರಿಸಿ. ಫ್ಯಾಮ್ ಹಸಿರು, ಹೆಕ್ಸ್ ಹಳದಿ ಕಡೆಗೆ, ಸೈ5 ಕೆಂಪು. ಅತಿ ಕಷ್ಟದಿಂದ ಸಿಗುವ ಗುರಿಗೆ ಅತಿ ಚೆನ್ನಾಗಿ ಹೊಳೆಯುವ ಬಣ್ಣ ಕೊಡಿ. ಇನ್ನೊಂದು ಮಾತು. ಕೆಲವು ಮಾಸ್ಟರ್ ಮಿಕ್ಸ್‌ನಲ್ಲಿ (ಟ್ಯಾಕ್ ಮತ್ತು ಪ್ರತಿ ಮಾಡಲು ಬೇಕಾದದ್ದು ಸೇರಿಸಿಟ್ಟ ಸಿದ್ಧ ದ್ರಾವಣ) ರಾಕ್ಸ್ ಎಂಬ ಬಣ್ಣ ಮೊದಲೇ ಸೇರಿರುತ್ತದೆ, ವೆಲ್‌ನಿಂದ ವೆಲ್‌ಗೆ ಆಗುವ ಸಣ್ಣ ವ್ಯತ್ಯಾಸ ಸರಿದೂಗಿಸಲು. ಅಂಥ ಮಿಕ್ಸ್ ಇದ್ದಾಗ ಪ್ರೋಬ್‌ಗೂ ರಾಕ್ಸ್ ಹಾಕಿಸಿದರೆ ಎರಡೂ ಕಲಸಿಹೋಗುತ್ತವೆ.

ಆರ್ಡರ್ ಮಾಡುವಾಗ ಎಚ್‌ಪಿಎಲ್‌ಸಿಯಲ್ಲಿ ಶುದ್ಧ ಮಾಡಿದ್ದೇ ಕೇಳಿ. ಪ್ರೋಬ್‌ಗೆ ಅಂಟದೆ ಉಳಿದ ಬಣ್ಣ ಟ್ಯೂಬ್‌ನಲ್ಲಿದ್ದರೆ ಅದನ್ನು ಮುಚ್ಚುವ ಮಡಕೆ ಯಾವುದೂ ಇರುವುದಿಲ್ಲ. ಶುರುವಿನಿಂದಲೇ ಹೊಳೆಯುತ್ತಾ ಕೂರುತ್ತದೆ.

ಟ್ಯೂಬ್ ತೆರೆಯುವ ಮುಂಚೆ

ಪ್ರೋಬ್ ಒಣಗಿದ ಪುಡಿಯಾಗಿ ಬರುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ. ಮುಚ್ಚಳ ತೆಗೆಯುವ ಮುಂಚೆ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ. ಇಲ್ಲದಿದ್ದರೆ ಮುಚ್ಚಳಕ್ಕೆ ಅಂಟಿದ್ದು ಹಾರಿ ಹೋಗುತ್ತದೆ. ಪ್ರೈಮರ್‌ಗಿಂತ ಪ್ರೋಬ್ ಎಷ್ಟೋ ದುಬಾರಿ ಅನ್ನುವುದು ನೆನಪಿರಲಿ.

ಕರಗಿಸುವ ಲೆಕ್ಕ ಸುಲಭ. ಟ್ಯೂಬ್ ಮೇಲೆ ಎಷ್ಟು ನ್ಯಾನೊಮೋಲ್ ಅಂತ ಬರೆದಿದೆಯೋ ಅದನ್ನು 10ರಿಂದ ಗುಣಿಸಿ. ಅಷ್ಟು ಮೈಕ್ರೋಲೀಟರ್ ಟಿಇ ಬಫರ್ ಹಾಕಿದರೆ 100 ಮೈಕ್ರೋಮೋಲಾರ್ ಸ್ಟಾಕ್ ಸಿಗುತ್ತದೆ. 5 ನ್ಯಾನೊಮೋಲ್ ಇದ್ದರೆ 50 ಮೈಕ್ರೋಲೀಟರ್. ಅದನ್ನು ಹತ್ತು ಪಟ್ಟು ತೆಳು ಮಾಡಿದರೆ ದಿನದ ಬಳಕೆಗೆ 10 ಮೈಕ್ರೋಮೋಲಾರ್.

ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಕಪ್ಪು ಟ್ಯೂಬ್ ಇಲ್ಲದಿದ್ದರೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಬೆಳಕಿಗೆ ಬಿಟ್ಟರೆ ಬಣ್ಣ ಸಾಯುತ್ತದೆ, ಮತ್ತೆ ಮತ್ತೆ ಕರಗಿಸಿ ಗಟ್ಟಿ ಮಾಡಿದರೂ ಕೆಡುತ್ತದೆ.

ಮಿಕ್ಸ್ ಮಾಡುವ ದಿನ

10 ಸ್ಯಾಂಪಲ್ ಇವೆ ಅಂದುಕೊಳ್ಳಿ. ಒಂದು ಎನ್‌ಟಿಸಿ, ಒಂದು ಪಾಸಿಟಿವ್ ಕಂಟ್ರೋಲ್, ಅಂದರೆ ಹುಡುಕುವ ಸಾಲು ಇದೆ ಅಂತ ಗೊತ್ತಿರುವ ಡಿಎನ್‌ಎ. ಒಟ್ಟು 12. ಪಿಪೆಟ್‌ನಲ್ಲಿ ಸ್ವಲ್ಪ ಸ್ವಲ್ಪ ಉಳಿಯುತ್ತದೆ, ಅದಕ್ಕೆ 13ಕ್ಕೆ ಮಿಕ್ಸ್ ಮಾಡಿ. ಒಂದೊಂದು ರಿಯಾಕ್ಷನ್ 20 ಮೈಕ್ರೋಲೀಟರ್ ಆದರೆ ಲೆಕ್ಕ ಹೀಗೆ: ಎರಡು ಪಟ್ಟು ಗಟ್ಟಿಯ ಮಾಸ್ಟರ್ ಮಿಕ್ಸ್ 130 ಮೈಕ್ರೋಲೀಟರ್, ಎರಡೂ ಪ್ರೈಮರ್ ತಲಾ 10.4, ಪ್ರೋಬ್ 5.2, ನೀರು 39. ಒಟ್ಟು 195. ಒಂದು ವೆಲ್‌ಗೆ 15 ಹಾಕಿ, ಮೇಲೆ 5 ಮೈಕ್ರೋಲೀಟರ್ ಡಿಎನ್‌ಎ. ಆಗ ಪ್ರೈಮರ್ 400 ನ್ಯಾನೊಮೋಲಾರ್, ಪ್ರೋಬ್ 200 ಆಗುತ್ತದೆ. ಶುರು ಮಾಡಲು ಇದು ಒಳ್ಳೆಯ ಪ್ರಮಾಣ. ಸಿದ್ಧ ಕಿಟ್ ಆದರೆ ಕಿಟ್‌ನವರು ಹೇಳಿದ್ದೇ ಅಂತಿಮ.

ಮೊದಲು ಸ್ಯಾಂಪಲ್‌ಗಳ ಡಿಎನ್‌ಎ ಹಾಕಿ. ಅಷ್ಟು ಹೊತ್ತೂ ಎನ್‌ಟಿಸಿ ವೆಲ್ ತೆರೆದೇ ಇರಲಿ. ಎಲ್ಲಾ ಮುಗಿದ ಮೇಲೆ ಅದಕ್ಕೆ ನೀರು ಹಾಕಿ ಮುಚ್ಚಿ. ನೀವು ಕೆಲಸ ಮಾಡುವಾಗ ಏನಾದರೂ ಸಿಡಿದಿದ್ದರೆ, ಗಾಳಿಯಲ್ಲಿ ಏನಾದರೂ ಇದ್ದರೆ, ಅದು ಸಾಕ್ಷಿ ಹೇಳಬೇಕು. ಪಾಸಿಟಿವ್ ಕಂಟ್ರೋಲ್ ಟ್ಯೂಬ್ ತೆರೆಯುವುದು ಎಲ್ಲಕ್ಕಿಂತ ಕೊನೆಗೆ.

ಸೀಲ್ ಹಾಕಿ, ಪ್ಲೇಟ್ ಒಮ್ಮೆ ತಿರುಗಿಸಿ ಗುಳ್ಳೆ ಹೊಡೆಯಿರಿ. ಗುಳ್ಳೆ ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಮಿಷಿನ್ ಕಣ್ಣಿಗೆ ಅದು ದೊಡ್ಡದು. ರನ್ ಮಧ್ಯೆ ಗುಳ್ಳೆ ಒಡೆದರೆ ಗೆರೆ ಏಕಾಏಕಿ ಜಿಗಿಯುತ್ತದೆ. ಸೀಲ್ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯಬೇಡಿ.

ನಾನು ಹೊಸಬಳಾಗಿದ್ದಾಗ, ಆಗ ಇದ್ದ ಲ್ಯಾಬ್‌ನಲ್ಲಿ, ಒಂದು ವಾರ ದಿನವೂ ಎನ್‌ಟಿಸಿ ಬೆಳಗಿತು. ನೀರು ಬದಲಿಸಿದೆವು, ಪ್ರೈಮರ್ ಬದಲಿಸಿದೆವು, ಹೊಸ ಮಾಸ್ಟರ್ ಮಿಕ್ಸ್ ತೆರೆದೆವು. ಏನೂ ಆಗಲಿಲ್ಲ. ಕೊನೆಗೆ ಗೊತ್ತಾಯಿತು. ರನ್ ಮುಗಿದ ಟ್ಯೂಬ್‌ಗಳನ್ನು ಜೆಲ್ ಓಡಿಸಲು ಯಾರೋ ತೆರೆದಿದ್ದರು, ಅದೂ ಮಿಕ್ಸ್ ಮಾಡುವ ಪಿಪೆಟ್‌ನಿಂದಲೇ. ರನ್ ಮುಗಿದ ಒಂದು ಟ್ಯೂಬ್‌ನಲ್ಲಿ ಸಾವಿರಾರು ಕೋಟಿ ಪ್ರತಿ ಇರುತ್ತವೆ. ಕಣ್ಣಿಗೆ ಕಾಣದ ಒಂದು ಹನಿ ಸಾಕು, ಇಡೀ ಕೋಣೆ ಹಾಳಾಗುತ್ತದೆ. ಆ ವಾರದ ಎಲ್ಲಾ ರಿಪೋರ್ಟ್ ತಡೆಹಿಡಿಯಬೇಕಾಯಿತು. ರಿಸೆಪ್ಷನ್‌ನಲ್ಲಿ ಕಾಯುತ್ತಾ ಕೂತ ಮುಖಗಳು ನನಗೆ ಇನ್ನೂ ನೆನಪಿವೆ.

ಅಂದಿನಿಂದ ನನ್ನ ನಿಯಮ ಇಷ್ಟು. ಮಿಕ್ಸ್ ಮಾಡುವ ಕೋಣೆ ಬೇರೆ, ಡಿಎನ್‌ಎ ತೆಗೆಯುವ ಕೋಣೆ ಬೇರೆ, ಮಿಷಿನ್ ಇರುವ ಕೋಣೆ ಬೇರೆ. ನಡೆಯುವುದು ಒಂದೇ ದಿಕ್ಕಿನಲ್ಲಿ. ಮಿಷಿನ್ ಕೋಣೆಗೆ ಹೋದ ಏಪ್ರನ್ ಅವತ್ತು ಮಿಕ್ಸ್ ಕೋಣೆಗೆ ವಾಪಸ್ ಬರಬಾರದು. ರನ್ ಆದ ಪ್ಲೇಟ್ ತೆರೆಯುವುದೇ ಬೇಡ, ಹಾಗೇ ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಿ.

ಬೆಂಚ್ ಒರೆಸಲು ಸ್ಪಿರಿಟ್ ಒಂದೇ ಸಾಲದು. ಸ್ಪಿರಿಟ್ ಡಿಎನ್‌ಎಯನ್ನು ಹಾಳು ಮಾಡುವುದಿಲ್ಲ. ಹತ್ತು ಪಟ್ಟು ತೆಳು ಮಾಡಿದ ಬ್ಲೀಚ್ ಹಾಕಿ 10 ನಿಮಿಷ ಬಿಟ್ಟು, ಆಮೇಲೆ ನೀರಿನಿಂದ ಒರೆಸಿ. ಆದರೆ ಡಿಎನ್‌ಎ ತೆಗೆಯುವ ಕಿಟ್‌ನ ಬಫರ್ ಚೆಲ್ಲಿದ್ದರೆ ಅದರ ಮೇಲೆ ಬ್ಲೀಚ್ ಯಾವತ್ತೂ ಹಾಕಬೇಡಿ. ಅಂಥ ಬಫರ್‌ಗಳಲ್ಲಿ ಗ್ವಾನಿಡಿನ್ ಲವಣ ಇರುತ್ತದೆ. ಬ್ಲೀಚ್ ಸೇರಿದರೆ ವಿಷದ ಗಾಳಿ ಬರುತ್ತದೆ. ಈ ಮಾತನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು. ಕಫದ ಕೆಲಸ ಬಯೋಸೇಫ್ಟಿ ಕ್ಯಾಬಿನೆಟ್ ಒಳಗೇ, ತರಬೇತಿ ಪಡೆದವರು ಜೊತೆಗಿದ್ದಾಗಲೇ.

ಮಿಷಿನ್‌ನಲ್ಲಿ ಹಾಕುವ ಕಾರ್ಯಕ್ರಮ ಚಿಕ್ಕದು. 95 ಡಿಗ್ರಿಯಲ್ಲಿ ಕೆಲವು ನಿಮಿಷ. ಆಮೇಲೆ 95ರಲ್ಲಿ 15 ಸೆಕೆಂಡ್, 60ರಲ್ಲಿ 1 ನಿಮಿಷ, ಹೀಗೆ 40 ಸುತ್ತು. ಪ್ರತಿ ಸುತ್ತಿನ 60 ಡಿಗ್ರಿಯಲ್ಲಿ ಮಿಷಿನ್ ಬೆಳಕು ಅಳೆಯುತ್ತದೆ. ಗುರಿ ಆರ್‌ಎನ್‌ಎ ಆಗಿದ್ದರೆ ಮೊದಲು ಅದನ್ನು ಡಿಎನ್‌ಎ ಮಾಡುವ ಹಂತ ಒಂದು ಸೇರುತ್ತದೆ.

ಗೆರೆ ಓದುವುದು

ಇಲ್ಲಿ ಅವಸರ ಬೇಡ. ಮಿಷಿನ್ ಪಟ್ಟಿ ಮಾಡಿ ಕೊಡುವ ಸಿಟಿ ಸಂಖ್ಯೆ ನೋಡಿ ಎದ್ದುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ನೋಡುವ ಕ್ರಮ ಇದು. ಮೊದಲು ಎನ್‌ಟಿಸಿ. ಗೆರೆ ಚಪ್ಪಟೆಯಾಗಿ ಮಲಗಿದೆಯಾ? ಅದು ಎದ್ದಿದ್ದರೆ ಮುಂದೆ ನೋಡುವ ಕೆಲಸವೇ ಇಲ್ಲ, ರನ್ ರದ್ದು. ಆಮೇಲೆ ಪಾಸಿಟಿವ್ ಕಂಟ್ರೋಲ್. ದಿನವೂ ಬರುವ ಸಿಟಿಯ ಹತ್ತಿರವೇ ಬಂದಿದೆಯಾ? ಮೂರನೆಯದು ಇಂಟರ್ನಲ್ ಕಂಟ್ರೋಲ್, ಅಂದರೆ ಟೆಸ್ಟ್ ಕೆಲಸ ಮಾಡಿದೆಯಾ ಅಂತ ತಿಳಿಯಲು ಅದೇ ವೆಲ್‌ನಲ್ಲಿ ಹುಡುಕುವ ಇನ್ನೊಂದು ಸಾಲು. ಇದು ಪ್ರತಿ ಸ್ಯಾಂಪಲ್‌ನಲ್ಲೂ ಬೇರೆ ಬಣ್ಣದಲ್ಲಿ ಬೆಳಗಬೇಕು. ಸ್ಯಾಂಪಲ್ ಕತ್ತಲಾಗಿದ್ದು ಇಂಟರ್ನಲ್ ಕಂಟ್ರೋಲ್ ಕೂಡ ಕತ್ತಲಾಗಿದ್ದರೆ ಅದು ನೆಗೆಟಿವ್ ಅಲ್ಲ. ಅದು ಅಮಾನ್ಯ. ಕಫ ಅಥವಾ ರಕ್ತದಲ್ಲಿರುವ ಯಾವುದೋ ವಸ್ತು ಟ್ಯಾಕ್ ಅನ್ನು ಕೆಲಸ ಮಾಡಲು ಬಿಟ್ಟಿಲ್ಲ, ಅಥವಾ ಡಿಎನ್‌ಎ ಬಂದೇ ಇಲ್ಲ. ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ, ಇಲ್ಲವೇ ಮತ್ತೆ ಡಿಎನ್‌ಎ ತೆಗೆಯಿರಿ. ಇದನ್ನು ನೆಗೆಟಿವ್ ಅಂತ ಬರೆದು ಕಳಿಸಿದರೆ, ರೋಗ ಇರುವ ಒಬ್ಬರು ಏನೂ ಇಲ್ಲ ಅಂದುಕೊಂಡು ಮನೆಗೆ ಹೋಗುತ್ತಾರೆ.

ಇಷ್ಟಾದ ಮೇಲೆ ಸ್ಯಾಂಪಲ್. ನಿಜವಾದ ಗೆರೆ ಮೊದಲು ಮಲಗಿರುತ್ತದೆ, ಆಮೇಲೆ ಬಾಗಿ ಏರುತ್ತದೆ, ಕೊನೆಗೆ ಮತ್ತೆ ಮಟ್ಟವಾಗುತ್ತದೆ. ಗೆರೆ ಎಲ್ಲಿ ಗಡಿ ದಾಟಿತೋ ಆ ಸುತ್ತಿನ ಸಂಖ್ಯೆಯೇ ಸಿಟಿ. ಪ್ರತಿ ಸುತ್ತಿಗೂ ಪ್ರತಿಗಳು ಎರಡು ಪಟ್ಟಾಗುವುದರಿಂದ, ಹತ್ತು ಪಟ್ಟು ಜಾಸ್ತಿ ಡಿಎನ್‌ಎ ಇದ್ದರೆ ಸಿಟಿ ಸುಮಾರು 3.3 ಕಡಿಮೆ ಬರುತ್ತದೆ. ಹೊಸ ಪ್ರೋಬ್ ಬಂದಾಗ ಇದನ್ನೇ ಪರೀಕ್ಷೆಯಾಗಿ ಬಳಸಿ. ಗೊತ್ತಿರುವ ಡಿಎನ್‌ಎಯನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಐದಾರು ಟ್ಯೂಬ್ ಮಾಡಿ ಓಡಿಸಿ. ಒಂದೊಂದರ ನಡುವೆ 3.1ರಿಂದ 3.6 ಅಂತರ ಬಂದರೆ ಪ್ರೋಬ್ ಮತ್ತು ಪ್ರೈಮರ್ ಸರಿಯಾಗಿ ದುಡಿಯುತ್ತಿವೆ.

ಸಿಟಿ 38, 39 ಅಂತ ಬಂದಾಗ ಮಾತ್ರ ನಿಂತು ಯೋಚಿಸಿ. ಒಂದೆರಡೇ ಪ್ರತಿ ಇದ್ದರೂ ಅಲ್ಲೇ ಎಲ್ಲೋ ಬರಬಹುದು. ಹಾಗಾಗಿ ಸುಳ್ಳು ಅಂತ ತಳ್ಳಿಹಾಕುವ ಹಾಗಿಲ್ಲ. ಹಾಗಂತ ನಂಬುವ ಹಾಗೂ ಇಲ್ಲ. ಗ್ರಾಫ್ ಅನ್ನು ಲಾಗ್‌ನಿಂದ ಸಾಮಾನ್ಯ ಅಳತೆಗೆ ಬದಲಿಸಿ. ಆಮೇಲೆ ಕಚ್ಚಾ ಬೆಳಕಿನ ಗ್ರಾಫ್ ತೆರೆಯಿರಿ. ಇಂಡಿ ಕಡೆಯ ಹುಡುಗಿಗೂ ಫೋನ್‌ನಲ್ಲಿ ಅದನ್ನೇ ಮಾಡಿಸಿದೆ. ಎನ್‌ಟಿಸಿ ಚಪ್ಪಟೆ ಇತ್ತು. ಪಾಸಿಟಿವ್ ಸರಿ ಇತ್ತು. ಆ ಸ್ಯಾಂಪಲ್‌ನ ಗೆರೆಗೆ ಬಾಗು ಇರಲಿಲ್ಲ. 1ನೇ ಸುತ್ತಿನಿಂದ 40ರವರೆಗೆ ಏರು ರಸ್ತೆಯ ಹಾಗೆ ನಿಧಾನವಾಗಿ ಏರಿ, ಕೊನೆಗೆ ಗಡಿಯನ್ನು ಸುಮ್ನೆ ಮುಟ್ಟಿತ್ತು. ಪ್ಲೇಟ್ ತೆಗೆದು ನೋಡಿದರೆ ಆ ಮೂಲೆಯಲ್ಲಿ ಸೀಲ್ ಸರಿಯಾಗಿ ಕೂತಿರಲಿಲ್ಲ. ನೀರು ಆವಿಯಾಗಿ ಉಳಿದದ್ದು ಗಟ್ಟಿಯಾಗುತ್ತಾ ಹೋಗಿತ್ತು, ಬೆಳಕೂ ಅದರ ಜೊತೆಗೇ ಏರಿತ್ತು.

"ಹಂಗಾದ್ರ ನೆಗೆಟಿವ್ ಏನ್ರಿ?" ಅಂತ ಕೇಳಿದಳು.

ಅದೂ ಅಲ್ಲ. ಕೆಟ್ಟ ವೆಲ್ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಉಳಿದ ಕಫದಿಂದ ಮತ್ತೆ ಡಿಎನ್‌ಎ ತೆಗೆದು, ಈ ಸಲ ಎರಡು ವೆಲ್‌ನಲ್ಲಿ ಓಡಿಸು ಅಂತ ಹೇಳಿದೆ.

ಬೆಳಕು ಬರದಿದ್ದರೇ ಸುದ್ದಿ

ಬೀಕನ್ ಹಟದ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್. ಅದಕ್ಕೆ ಬಗ್ಗದ ತಳಿಗಳಲ್ಲಿ ಸುಮಾರು 95 ಪ್ರತಿಶತಕ್ಕೆ ಆರ್‌ಪಿಒಬಿ ಎಂಬ ಜೀನ್‌ನ 81 ಅಕ್ಷರದ ಒಂದು ಚಿಕ್ಕ ಭಾಗದಲ್ಲೇ ಬದಲಾವಣೆ ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಪ್ಪಿದ ಎಕ್ಸ್‌ಪರ್ಟ್ (Xpert) ಎಂಬ ಟಿಬಿ ಟೆಸ್ಟ್‌ನ ಮೊದಲ ರೂಪ ಆ 81 ಅಕ್ಷರಗಳ ಮೇಲೆ 5 ಬೀಕನ್‌ಗಳನ್ನು ಸಾಲಾಗಿ ಕೂರಿಸಿತ್ತು. ಐದಕ್ಕೂ ಬೇರೆ ಬೇರೆ ಬಣ್ಣ. ಐದೂ ಔಷಧಿಗೆ ಬಗ್ಗುವ ಟಿಬಿಯ ಸಾಲಿಗೆ ಬರೆದವು. ಐದೂ ಬೆಳಗಿದರೆ ಟಿಬಿ ಇದೆ, ಔಷಧಿ ನಾಟುತ್ತದೆ. ನಾಲ್ಕು ಬೆಳಗಿ ಒಂದು ಕತ್ತಲಾಗಿದ್ದರೆ, ಅಥವಾ ಬಹಳ ತಡವಾಗಿ ಬಂದರೆ, ಅಲ್ಲಿ ಒಂದು ಅಕ್ಷರ ಬದಲಾಗಿದೆ, ಔಷಧಿ ನಾಟದಿರಬಹುದು. ಮೊದಲ ಸಲ ಇದು ಅರ್ಥವಾದಾಗ ನನಗೆ ಮೈ ಜುಮ್ಮೆಂದಿತ್ತು. ಮೊದಲು ವಾರಗಟ್ಟಲೆ ಕಲ್ಚರ್ ಬೆಳೆಸಿ ತಿಳಿಯಬೇಕಾಗಿದ್ದನ್ನು ಸುಮಾರು 2 ಗಂಟೆಯಲ್ಲಿ ಒಂದು ಕತ್ತಲು ಹೇಳುತ್ತದೆ.

ಇದರಲ್ಲೂ ಒಂದು ಎಚ್ಚರ ಬೇಕು. ಕೆಲವೊಮ್ಮೆ ಅಕ್ಷರ ಬದಲಾದರೂ ಅದರಿಂದ ಆಗುವ ಪ್ರೋಟೀನ್ ಬದಲಾಗುವುದಿಲ್ಲ. ಪ್ರೋಬ್‌ಗೆ ಅದು ಗೊತ್ತಿಲ್ಲ, ಅದು ಅಕ್ಷರ ಮಾತ್ರ ಓದುತ್ತದೆ. ಆಗ ಔಷಧಿ ನಾಟುವ ರೋಗಿಗೂ ನಾಟದು ಅಂತ ಬರಬಹುದು. ಸಂಶಯ ಬಂದಲ್ಲಿ ಸೀಕ್ವೆನ್ಸಿಂಗ್ ಮಾಡಿ ನೋಡುವುದೇ ದಾರಿ.

ನಮ್ಮಲ್ಲಿ ಹಳ್ಳಿಯ ಆಸ್ಪತ್ರೆಗಳವರೆಗೂ ಹೋಗಿರುವ ಟ್ರೂನ್ಯಾಟ್ ಕೂಡ ಪ್ರೋಬ್ ಮೇಲೇ ನಿಂತದ್ದು. ಅದನ್ನು ಮಾಡುವ ಮೋಲ್‌ಬಯೋ ಗೋವಾದ ವೆರ್ನಾದಲ್ಲಿದೆ. ಅದರ ಜೊತೆಗಾರ ಬಿಗ್‌ಟೆಕ್ ಲ್ಯಾಬ್ಸ್ ಬೆಂಗಳೂರಿನದು. ಚಿಕ್ಕ ಚಿಪ್ ಮೇಲೆ ಪಿಸಿಆರ್ ನಡೆಯುತ್ತದೆ, ಬ್ಯಾಟರಿಯಲ್ಲೂ ಓಡುತ್ತದೆ. 2020ರಲ್ಲಿ ಟಿಬಿಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. ವಾಸ್ಕೋ ಕಡೆ ಇರುವ ನಮ್ಮವರಿಗೆ ಇದು ಪಕ್ಕದ ಊರಿನ ಕೆಲಸ.

ಸ್ಲೈಡ್ ಮೇಲೂ ಪ್ರೋಬ್

ಪ್ರತಿ ಮಾಡದೆ, ಜೀವಕೋಶದ ಒಳಗೇ ಪ್ರೋಬ್ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಫಿಶ್. ಮುಂಬೈ ಪರೇಲ್‌ನ ಟಾಟಾ ಆಸ್ಪತ್ರೆಗೆ ನಮ್ಮ ಕಡೆಯಿಂದ ಹೋದವರ ಫೈಲ್‌ನಲ್ಲಿ ಈ ಹೆಸರು ಕಂಡಿರಬಹುದು. ಸ್ತನ ಕ್ಯಾನ್ಸರ್‌ನಲ್ಲಿ ಹರ್2 ಜೀನ್‌ಗೆ ಒಂದು ಬಣ್ಣ, ಅದು ಕೂತಿರುವ 17ನೇ ಕ್ರೋಮೋಸೋಮ್‌ನ ನಡುಭಾಗಕ್ಕೆ ಇನ್ನೊಂದು ಬಣ್ಣ. ಕನಿಷ್ಠ 20 ಕೋಶಗಳಲ್ಲಿ ಚುಕ್ಕೆ ಎಣಿಸುತ್ತಾರೆ. ಹರ್2 ಚುಕ್ಕೆಗಳು ಇನ್ನೊಂದರ ಎರಡು ಪಟ್ಟು ಅಥವಾ ಜಾಸ್ತಿ ಇದ್ದರೆ, ಕೋಶಕ್ಕೆ ಸರಾಸರಿ ನಾಲ್ಕಾದರೂ ಇದ್ದರೆ, ಟ್ರಾಸ್ಟುಜುಮಾಬ್ ಎಂಬ ಔಷಧಿ ಕೆಲಸ ಮಾಡುವ ಸಾಧ್ಯತೆ ಇದೆ. ಇಲ್ಲಿ ಕ್ವೆಂಚರ್ ಇಲ್ಲ. ಅಂಟದೆ ಉಳಿದ ಪ್ರೋಬ್ ಎಲ್ಲಾ ತೊಳೆದು ತೆಗೆಯಬೇಕು. ಕತ್ತಲು ಬರುವುದು ಆ ತೊಳೆಯುವಿಕೆಯಿಂದ. ಕಡಿಮೆ ತೊಳೆದರೆ ಸ್ಲೈಡ್ ತುಂಬಾ ಮಂಜು, ಜಾಸ್ತಿ ತೊಳೆದರೆ ಚುಕ್ಕೆಯೇ ಹೋಗುತ್ತದೆ. ಇದನ್ನು ಕಲಿಯಲು ಬರಹ ಸಾಲದು, ಬಲ್ಲವರ ಪಕ್ಕ ಕೂತು ಚುಕ್ಕೆ ಎಣಿಸಬೇಕು.

ಸೋಮವಾರ ಸಂಜೆ ಇಂಡಿ ಕಡೆಯ ಹುಡುಗಿ ವಾಟ್ಸ್ಆ್ಯಪ್‌ನಲ್ಲಿ ಮೂರು ಫೋಟೊ ಕಳಿಸಿದಳು. ಮೊದಲನೆಯದು ಎನ್‌ಟಿಸಿ, ಚಪ್ಪಟೆ ಗೆರೆ. ಎರಡನೆಯದು ಕಂಟ್ರೋಲ್‌ಗಳು. ಮೂರನೆಯದರಲ್ಲಿ ಆ ಸ್ಯಾಂಪಲ್‌ನ ಎರಡು ವೆಲ್, ಎರಡೂ ಮಲಗಿದ್ದವು. ಇಂಟರ್ನಲ್ ಕಂಟ್ರೋಲ್ ಮಾತ್ರ ಎರಡರಲ್ಲೂ ಚೆನ್ನಾಗಿ ಎದ್ದು ನಿಂತಿತ್ತು. ಕೆಳಗೆ ಬರೆದಿದ್ದಳು: "ಅಕ್ಕಾರ, ಈಗ ನೆಗೆಟಿವ್ ಅಂತ ಬರದೇನ್ರಿ."